ಖಾನಾಪುರಕ್ಕೆ ಒಯ್ದ ಪತ್ರ

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಬೆಳಗಾವಿಯಲ್ಲಿ ಖಾನಾಪುರದ ಬಸ್ಸು ಹತ್ತಿದಾಗ ನನ್ನ ಜೇಬಿನಲ್ಲಿ ಎರಡು ಹಾಳೆಯ ಪತ್ರವಿತ್ತು. ಬರೆದವನು ನಾನೇ. ಸಾಲಿ ಮಾಸ್ತರಿಕೆಯಿಂದ ನಿವೃತ್ತನಾಗಿ ನಮ್ಮ ಚರ್ಚಿನಲ್ಲಿ ಬೈಬಲ್ ಪಾಠ ಹೇಳುವ ನಾನು ಆ ಪತ್ರದ ಬಗ್ಗೆ ಸ್ವಲ್ಪ ಉಬ್ಬಿದ್ದೆ. ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಮಚ್ಛೆಯಲ್ಲಿ ಆನಂದ ಹತ್ತಿದ. ಅಲ್ಲಿಯ ಕಾರ್ಖಾನೆಯೊಂದರಲ್ಲಿ ಅವನಿಗೆ ಕೆಲಸ. ಕೈಯಲ್ಲಿ ಕುಂದಾ ಮಿಠಾಯಿಯ ಡಬ್ಬಿ ಹಿಡಿದಿದ್ದ. ತಂದೆತಾಯಿ ಇಲ್ಲದ ಅವನನ್ನು ಖಾನಾಪುರದ ದಾವೀದ ಕಾಕಾ ಚಿಕ್ಕಂದಿನಿಂದ ಸಾಕಿದ್ದರು. ಅವರ ಇಟ್ಟಂಗಿ ಭಟ್ಟಿಯಲ್ಲಿ ದುಡಿದ, ಅವರ ಪಕ್ಕದಲ್ಲೇ ಕೂತು ಉಂಡ. ಆರು ವರ್ಷದ ಹಿಂದೆ, ಮಗಳನ್ನು ನೋಡಲು ಬಂದವರ ಮುಂದೆ ಕಾಕಾ, "ಇವ ನಮ್ಮನಿ ಆಳು" ಎಂದುಬಿಟ್ಟರು. ಆನಂದ ಹೇಳದೆ ಕೇಳದೆ ಮನೆ ಬಿಟ್ಟ. ಕಳೆದ ವರ್ಷ ಕಾಕಿ ಅವನ ಹೆಸರು ಹೇಳುತ್ತಲೇ ತೀರಿಕೊಂಡರು. ಅವನಿಗೆ ಸುದ್ದಿ ಮುಟ್ಟಿದ್ದು ಮಣ್ಣಾದ ಮೇಲೆ. ಈಗ ಕಾಕಾನ ಮುಂದೆ ಹೋಗಿ ನಿಲ್ಲಬೇಕೆಂಬ ಆಸೆ, ಆದರೆ ಒಬ್ಬನೇ ಹೋಗಲು ಅಂಜಿಕೆ. ಅದಕ್ಕೇ ಅವನ ಪರವಾಗಿ ಕಾಕಾನಿಗೆ ಪತ್ರ ಬರೆದುಕೊಂಡು ನಾನು ಜೊತೆಗೆ ಹೊರಟಿದ್ದೆ.

ಇಬ್ಬರಿಗೂ ಟಿಕೆಟ್ ತೆಗೆಸಿ ನನ್ನ ಬೈಬಲ್ ಪಾಠ ಶುರು ಮಾಡಿದೆ. ಎರಡು ಸಾವಿರ ವರ್ಷದ ಹಿಂದೆ, ಸೆರೆಯಲ್ಲಿದ್ದ ಸಂತ ಪೌಲ, ಧಣಿಯ ಮನೆಯಿಂದ ಓಡಿಬಂದ ಆಳಿನ ಕೈಯಲ್ಲೇ ಆ ಧಣಿಗೊಂದು ಪತ್ರ ಕೊಟ್ಟು ಕಳಿಸಿದ. ಆಳೆಂದಲ್ಲ, ತಮ್ಮನೆಂದು ಸೇರಿಸಿಕೊ ಎನ್ನುವುದೇ ಅದರ ಉದ್ದೇಶ. ಅಪ್ಪಣೆ ಮಾಡುವ ಹಕ್ಕಿದ್ದರೂ ಮಾಡಲಿಲ್ಲ. ಧಣಿ ತಾನಾಗಿ ಮನಸ್ಸು ಮಾಡಲಿ ಎಂದು ಕೇಳಿಕೊಂಡ. ಧಣಿಯ ಮನೆಯಲ್ಲಿ ಸೇರುವ ಸಭೆಗೂ ಅದೇ ಪತ್ರದಲ್ಲಿ ವಂದನೆ ಹೇಳಿದ್ದ.

"ಕಡೀಕ ಆ ಧಣಿ ಅವನ್ನ ಕರ್ಕೊಂಡ್ನೇನ್ರಿ, ಮಾಸ್ತರ್ರ?" ಎಂದು ಆನಂದ ಕೇಳಿದ.

"ಗೊತ್ತಿಲ್ಲಪಾ. ಪತ್ರದಾಗ ಅದು ಇಲ್ಲ" ಎಂದೆ.

ಖಾನಾಪುರದಲ್ಲಿ ಜಿಟಿಜಿಟಿ ಮಳೆ. ನಿಲ್ದಾಣದ ಹೋಟೆಲಿನಲ್ಲಿ ನಾನು ಉಸಳ, ಪಾವ್ ತಿಂದೆ. ಅವನು ಬರೇ ಚಹಾ ಕುಡಿದ. ಮಲಪ್ರಭೆ ಕೆಂಪಗೆ ತುಂಬಿ ಹರಿಯುತ್ತಿದ್ದಳು.

ಕಾಕಾನ ಮನೆಯಲ್ಲಿ ಅಂದು ಪ್ರಾರ್ಥನಾ ಕೂಟ. ಹದಿನೈದು ಜನ ಚಾಪೆಯ ಮೇಲೆ ಕೂತಿದ್ದರು. ಇಂಥ ಕೂಟದಲ್ಲಿ ಹಾಡಿಗೆ ಮೊದಲು ಯಾರಾದರೂ ಎದ್ದು, ದೇವರು ತಮ್ಮ ಬಾಳಿನಲ್ಲಿ ಮಾಡಿದ್ದರ ಸಾಕ್ಷಿ ಹೇಳುವುದು ನಮ್ಮಲ್ಲಿ ವಾಡಿಕೆ. ನನಗೆ ಅಷ್ಟೇ ಸಾಕಾಯಿತು. ಹಳೆಯ ಕಾಲದಲ್ಲೂ ಸಭೆಯ ಮುಂದೆ ಓದುತ್ತಿದ್ದರಲ್ಲ ಎಂದು ಪತ್ರ ಬಿಚ್ಚಿ ಗಟ್ಟಿಯಾಗಿ ಓದಿದೆ. 'ಆಳು ಎಂದ ಬಾಯಿಂದಲೇ ಮಗ ಎನ್ನಿರಿ' ಎಂಬ ಸಾಲಿಗೆ ಬಂದಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕಾಕಾ ನೆಲ ನೋಡುತ್ತ, "ಇರ್ಲಿ. ಸೋಮವಾರದಿಂದ ಕೆಲಸಕ್ಕ ಬರ್ಲಿ" ಎಂದರು.

ಯಾರೋ 'ಆಮೆನ್' ಅಂದರು.

"ಕೆಲಸ ಮಚ್ಛೇದಾಗ ಐತ್ರಿ, ಕಾಕಾ" ಎಂದ ಆನಂದ. ಗೋಡೆಯ ಗೂಡಿನಲ್ಲಿದ್ದ ಕಾಕಿಯ ಫೋಟೋದ ಮುಂದೆ ಕುಂದಾ ಇಟ್ಟು, ಕೈಮುಗಿದು ಹೊರಗೆ ನಡೆದ.

ನಾನು ಚಪ್ಪಲಿ ಮೆಟ್ಟುವಾಗ ಕಾಕಾ ಬಾಗಿಲಿಗೆ ಬಂದರು. "ಅದನ್ನ ನನ್ನ ಕೈಯಾಗ ಕೊಡಬೇಕಿತ್ರಿ, ಮಾಸ್ತರ್ರ. ಅವನ್ನ ನೋಡಿ ನಾ ಎದ್ದು ನಿಂತಿದ್ನಿ. ನೀವು ಹಾಳಿ ನೋಡಾಕತ್ತಿದ್ರಿ." ಒಳಗೆ ಹಾಡು ಶುರುವಾಯಿತು. ಅವರು ಹೋಗಲೇಬೇಕಾಯಿತು.

ಇಷ್ಟು ವರ್ಷ ಪಾಠ ಹೇಳಿದವನಿಗೆ, ಜನರ ನಡುವೆ ನಿಲ್ಲಿಸಿ ಕೇಳಿದರೆ ಅದು ಅಪ್ಪಣೆಯೇ ಎಂದು ಹೊಳೆಯಲಿಲ್ಲ. ಬಸ್ಸಿನಲ್ಲಿ ಆನಂದನ ಮುಖ ನೋಡಲು ನನಗೆ ನಾಚಿಕೆಯಾಯಿತು. ಮಚ್ಛೆ ಬಂದಾಗ ಅವನೇ ಎದ್ದು ಹೇಳಿದ: "ಕಾಕಾಗ ಒಂದು ಫೋನ್ ಮಾಡ್ರಿ. ಗೂಡಿನ್ಯಾಗ ಬಿ.ಪಿ. ಗುಳಿಗಿ ಹಂಗ ಇದ್ವು. ತಗೊಂಡಾರೇನ್ ಕೇಳ್ರಿ."

ಬಸ್ಸು ಹೊರಟ ಮೇಲೆ ಫೋನ್ ಮಾಡಿ, ಗುಳಿಗೆ ತಗೊಂಡಿರೇನು ಎಂದು ಕೇಳಿದೆ.

"ಯಾರು ಕೇಳಂದ್ರು?" ಎಂದರು ಕಾಕಾ.

"ಆನಂದ."

"ತಗೋತೀನಂತ ಹೇಳ್ರಿ ಅವಂಗ" ಎಂದರು. ಅವರ ಹಿಂದೆ ಇನ್ನೂ ಜನರ ಮಾತು ಕೇಳುತ್ತಿತ್ತು. ಈ ಸಲ ಜನರ ನಡುವೆ ನಾನು ಬೇರೇನೂ ಕೇಳಲಿಲ್ಲ.