ಕಡೇ ಪುಟದ ಸ್ವಾಮಿ

ಗೆಳೆಯರೇ, ಕೆ.ಆರ್. ನಗರದ ವಧೂವರರ ಜಾಲತಾಣವೊಂದನ್ನು ನೋಡಿಕೊಳ್ಳುವ ನನಗೆ ಬೆಳಿಗ್ಗೆಯೇ ಮಿರ್ಲೆಯ ಗೌರಮ್ಮನವರು ಫೋನ್ ಮಾಡಿದರು.

"ಏನಪ್ಪಾ, ನನ್ ಮಗ ಸ್ವಾಮೀನ ಕಡೇ ಪುಟಕ್ ತಳ್ಬುಟ್ಟಿದ್ದೀಯಲ್ಲ? ಅಲ್ಲೀಗಂಟ ಯಾವ್ ಎಣ್ಣಿನ್ ಅಪ್ಪ ಬತ್ತಾನೆ?"

ಮಾತು ನಿಜ. ವರರು ನೂರಾರು, ಪುಟಕ್ಕೆ ಹತ್ತೇ ಜನ, ಅದೂ ಅಕಾರಾದಿಯಲ್ಲಿ. ಅದನ್ನು ಬಿಟ್ಟು, ಹೆಸರುಗಳು ಅದಲುಬದಲಾಗಿ ಬರುವಂತೆ ಮಾಡಿದೆ. ಪುಟ ತಿರುವಿದಾಗಲೆಲ್ಲ ಅವು ಹೊಸದಾಗಿ ಅದಲುಬದಲಾಗುತ್ತವೆ, ಬಂದವನೇ ಮತ್ತೆ ಬರಬಹುದು ಎಂಬುದು ಹೊಳೆಯಲಿಲ್ಲ.

ಮಧ್ಯಾಹ್ನ ಬಿಳಿಕೆರೆಯಿಂದ ಹೆಣ್ಣಿನ ತಂದೆಯೊಬ್ಬರು ಫೋನ್ ಮಾಡಿದರು. "ಯಾರ್ರೀ ಈ ಸ್ವಾಮಿ? ಎರಡ್ನೇ ಪುಟದಲ್ಲೂ ಅವ್ನೇ, ಐದ್ನೇದ್ರಲ್ಲೂ ಅವ್ನೇ! ನನ್ ಮಗ್ಳು ಬಿದ್ದು ಬಿದ್ದು ನಗ್ತಾವ್ಳೆ. ಭಾನ್ವಾರ ಬರಕ್ಕೇಳಿ."

ತಪ್ಪನ್ನು ತಿದ್ದಲು ನನಗೆ ಬರುತ್ತದೆ. ಹೆಣ್ಣು ನೋಡುವ ಶಾಸ್ತ್ರ ಮುಗಿಯುವವರೆಗೆ ಮುಟ್ಟುವುದಿಲ್ಲ.