ಹಮೀದರ ತಂತಿಗೆ ನಾನು ಕೊಟ್ಟ ಅಂಕಿ

ಹಮೀದ್, ನಿಮ್ಮ ತಂತಿ ಕೆಟ್ಟಿರಲಿಲ್ಲ. ಕೆಟ್ಟದ್ದು ನಾನು ಹಾಕಿದ ಒಂದು ಅಂಕಿ. ಅದು ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡಿದ್ದೆ — ಇಷ್ಟು ವರ್ಷ.

ಪುತ್ತೂರಿನ ಆ ಆಸ್ಪತ್ರೆಯಲ್ಲಿ ನಾನು ನೆಟ್‌ವರ್ಕ್ ಎಂಜಿನಿಯರ್. ಕುತ್ತಿಗೆಗೊಂದು ಗುರುತಿನ ಚೀಟಿ, ತಲೆಗೆರಡು ಕೊಂಬು. ನೀವು ಕಡಬದಿಂದ ಬಂದು ತಂತಿ ಎಳೆಯುವ ಗುತ್ತಿಗೆದಾರರು. ಎಕ್ಸ್‌ರೇ ಕಟ್ಟಡದಿಂದ ವೈದ್ಯರ ಕೋಣೆಗಳಿಗೆ ಎರಡು ಹಳೆಯ ತಂತಿಗಳಿದ್ದವು, ಅಳಿಲು ಕಚ್ಚಿ ಅರೆಜೀವವಾದವು. ನೀವು ಹೊಸದೆರಡು ಎಳೆದಿರಿ. ನಾಲ್ಕನ್ನೂ ನೆಟ್‌ವರ್ಕ್ ಸ್ವಿಚ್ಚಿನಲ್ಲಿ ಒಂದೇ ಕಟ್ಟಾಗಿ ಸೇರಿಸಿ, ಎರಡು ಓಡಲಿ, ಉಳಿದೆರಡು ಆಪತ್ತಿಗೆ ಕಾದಿರಲಿ ಎಂದು ನಾನು ವ್ಯವಸ್ಥೆ ಮಾಡಿದೆ. ಯಾವುದು ಓಡಬೇಕೆಂದು ತೀರ್ಮಾನಿಸುವುದು ತಂತಿ ಸಿಕ್ಕಿಸುವ ಪ್ರತಿ ಪೋರ್ಟಿಗೆ ಕೊಟ್ಟ ಆದ್ಯತೆಯ ಅಂಕಿ. ಅಂಕಿ ಚಿಕ್ಕದಾದಷ್ಟೂ ಆದ್ಯತೆ ಹೆಚ್ಚು. ಒಂದನೇ ರ‍್ಯಾಂಕಿನವನು ನೂರನೆಯವನಿಗಿಂತ ಮುಂದೆ ಎಂಬುದು ಬಾಲವಾಡಿಯ ಮಗುವಿಗೂ ಗೊತ್ತು. ಈ ಮಹಾಪಂಡಿತ ಮಾತ್ರ, ದೊಡ್ಡ ಅಂಕಿಯೇ ದೊಡ್ಡ ಗೌರವವೆಂದು ತಿಳಿದು, ನಿಮ್ಮ ತಂತಿಗಳಿಗೆ ದೊಡ್ಡದನ್ನು ದಯಪಾಲಿಸಿದ. ಹೊಸ ತಂತಿಗಳು ಸುಮ್ಮನೆ ಕೂತವು. ಹಳೆಯವು ಏದುಸಿರು ಬಿಡುತ್ತ ಓಡಿದವು.

ಎಕ್ಸ್‌ರೇ ಚಿತ್ರಗಳು ವೈದ್ಯರ ಮುಂದೆ ತೆರೆಯಲೇ ಇಲ್ಲ. ವ್ಯವಸ್ಥಾಪಕರು ಇಬ್ಬರನ್ನೂ ಕರೆದರು.

"ಹೊಸತು ಹಾಕಿದ ಮೇಲೂ ಹೀಗೆ ಆಗುದು ಎಂತಕ್ಕೆ?"

"ವಯರ್ ಸರಿ ಉಂಟು ಸಾರ್, ನಾನೇ ಎಳೆದದ್ದಲ್ವಾ," ಎಂದಿರಿ ನೀವು.

"ಇವರ ಕೆಲಸವೇ ಸರಿ ಇಲ್ಲ," ಎಂದೆ ನಾನು — ಏನನ್ನೂ ಪರೀಕ್ಷಿಸದೆ. ಕುಣಿಯಲಾರದವಳಿಗೆ ನೆಲ ಡೊಂಕು. ತಂತಿಗೂ ತೆಂಗಿನ ಹಗ್ಗಕ್ಕೂ ವ್ಯತ್ಯಾಸ ತಿಳಿಯದ ಆ ವ್ಯವಸ್ಥಾಪಕರು ನನ್ನ ಕುತ್ತಿಗೆಯ ಚೀಟಿಯನ್ನು ನಂಬಿ ನಿಮ್ಮನ್ನು ಕಳುಹಿಸಿಬಿಟ್ಟರು.

ಮರುವಾರ ನನ್ನ ತಪ್ಪು ಕಣ್ಣಿಗೆ ಬಿತ್ತು. ಬಾಗಿಲು ಹಾಕಿಕೊಂಡು ಅಂಕಿ ಬದಲಿಸಿದೆ. ನಿಮ್ಮದೇ ತಂತಿಗಳ ಮೇಲೆ ಎಲ್ಲವೂ ಸರಾಗವಾಗಿ ಓಡಿತು. ಆಯುಧಪೂಜೆಯ ದಿನ ಶಾಲು ಹೊದಿಸಿದ್ದು ನನಗೆ. ಅಷ್ಟರಲ್ಲಿ ಸುಳ್ಯದವರೆಗೂ ನಿಮ್ಮ ಹೆಸರು ಕೆಟ್ಟಿತ್ತು, ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಆಗಲಾದರೂ ಒಂದು ಮಾತು ಹೇಳಬಹುದಿತ್ತು — ಶಾಲು ಜಾರೀತೆಂಬ ಭಯಕ್ಕೆ ಹೇಳಲಿಲ್ಲ. ಇಂಥ ಹೇಡಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊನ್ನೆ ಕಡಬದ ಚಪ್ಪಲಿ ಅಂಗಡಿಗೆ ಹೊಕ್ಕೆ. ಅದು ನಿಮ್ಮ ಭಾವನದೆಂದೂ ನೀವೀಗ ಅಲ್ಲೇ ದುಡಿಯುತ್ತೀರೆಂದೂ ಗೊತ್ತಿರಲಿಲ್ಲ. ನನ್ನ ಕಾಲಿನ ಅಳತೆ ನೋಡುತ್ತ ಕೇಳಿದಿರಿ:

"ನನ್ನದು ಎಲ್ಲಿ ತಪ್ಪಿದ್ದು ಅಂತ ಇವತ್ತಿಗೂ ಗೊತ್ತಾಗ್ಲಿಲ್ಲ ಮಾರಾಯ್ರೆ. ನಿಮಗೆ ಎಂತಾದ್ರೂ ಗೊತ್ತುಂಟಾ?"

"ಹಳೆಯದು ಬಿಡಿ," ಎಂದೆ — ಕ್ಷಮಿಸಿದವನ ಗತ್ತಿನಲ್ಲಿ.

"ನನ್ನ ಕೈಯೇ ಸರಿ ಇರ್ಲಿಕ್ಕಿಲ್ಲ," ಎಂದು ನೀವು ತಲೆಯಾಡಿಸಿದಿರಿ. ಅದನ್ನೂ ಕೇಳಿಸಿಕೊಂಡು, ನೀವು ಬಗ್ಗಿ ತೊಡಿಸಿದ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದವನು ನಾನು.