ಎದುರು ಕೂತ ಅಕ್ಕ

ಅಕ್ಕನ ಹೆಬ್ಬೆರಳಲ್ಲೂ ತೋರುಬೆರಳಲ್ಲೂ ಗೆರೆಗಳೇ ಇರಲಿಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆ ಮೂವತ್ತು ವರ್ಷ ಸುಟ್ಟು ಅವನ್ನು ಕಪ್ಪಗೆ, ನುಣ್ಣಗೆ ಮಾಡಿತ್ತು. ಆಧಾರ್ ಮಾಡಿಸಲು ಹೋದಾಗ ಯಂತ್ರ ಆ ಬೆರಳುಗಳನ್ನು ಒಪ್ಪಲಿಲ್ಲ. "ನಾನು ಇದ್ದೇನೆ ಅಂತ ಅದಕ್ಕೆ ಗೊತ್ತಾಗುದಿಲ್ಲವಂತೆ" ಎಂದು ಬಂದು ನಗಾಡಿದ್ದರು.

ಪುತ್ತೂರಿನ ಆಚೆಯ ಗೇರುಬೀಜದ ಫ್ಯಾಕ್ಟರಿಯಲ್ಲಿ ನಮ್ಮದು ಜೋಡಿ ಕೆಲಸ. ಒಬ್ಬಳು ಯಂತ್ರದ ಪೆಡಲ್ ಕಾಲಲ್ಲಿ ತುಳಿದು ಬೀಜ ಸೀಳಬೇಕು, ಎದುರು ಕೂತವಳು ತಿರುಳು ತೆಗೆಯಬೇಕು. ಜೋಡಿ ಸಿಗದವಳಿಗೆ ಅಂದು ಕೆಲಸವಿಲ್ಲ. ಪೆರಾಬೆಯಿಂದ ಬಸ್ಸಲ್ಲಿ ಬರುತ್ತಿದ್ದ, ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಅವರು ಫ್ಯಾಕ್ಟರಿಯ ಕಾರ್ಮಿಕ ಸಂಘದ ಮುಂದಾಳು. ಕೆಲಸಕ್ಕೆ ಸೇರಿದ ದಿನವೇ ಆ ಸಂಘದ ಅರ್ಜಿಗೂ ಸಹಿ ಹಾಕುವುದು ರೂಢಿ. ನಾನೂ ಓದದೆ ಹಾಕಿದ್ದೆ.

ಹೆಂಗಸರ ಶೌಚಾಲಯದ ಬಾಗಿಲಿಗೆ ಚಿಲಕ ಇರಲಿಲ್ಲ. ಮೀಟಿಂಗಿನಲ್ಲಿ ಎರಡು ಸಲ ಹೇಳಿದೆ. "ಮೊದಲು ಬೋನಸ್ಸಿನ ಮಾತು ಮುಗೀಲಿ" ಎಂದರು ಅಕ್ಕ. ನನ್ನದು ಮೊದಲೇ ಮೂಗಿನ ತುದಿಯ ಸಿಟ್ಟು. ಹೋಗಿ ಹೊರಗಿನ ಇನ್ನೊಂದು ಸಂಘಕ್ಕೆ ಸೇರಿಬಿಟ್ಟೆ. ಇಡೀ ಫ್ಯಾಕ್ಟರಿಯಲ್ಲಿ ಹಾಗೆ ಮಾಡಿದವಳು ನಾನೊಬ್ಬಳೇ.

ಮರುದಿನ ನನ್ನೆದುರು ಯಾರೂ ಕೂರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಮ್ಯಾನೇಜರು ಒಂದು ಕಾಗದ ಹಿಡಿದು ಬಂದರು. "ಇಲ್ಲಿ ಒಂದೇ ಸಂಘ. ಸಹಿ ಹಾಕಿ ವಾಪಸ್ ಸೇರು, ಇಲ್ಲದಿದ್ರೆ ಮನೆಗೆ ಹೋಗು." ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಪೆನ್ನು ತೆಗೆದುಕೊಂಡೆ. ಅಷ್ಟರಲ್ಲಿ ಅಕ್ಕ ತಮ್ಮ ಸ್ಟೂಲು ಎಳೆದುಕೊಂಡು ಬಂದು ನನ್ನೆದುರು ಕೂತರು.

"ಇವಳು ನಿಮ್ಮನ್ನೇ ಬಿಟ್ಟು ಹೋದವಳು ಮಾರಾಯ್ರೆ" ಎಂದರು ಮ್ಯಾನೇಜರು.

"ಹೌದು, ನಂಗೆ ಬೇಜಾರು ಉಂಟು. ಆದ್ರೆ ಬಿಡ್ಲಿಕ್ಕೆ ಆಗದ ಸಂಘ ಎಂತ ಸಂಘ?" ಎಂದ ಅಕ್ಕ ನನ್ನ ಕಡೆ ತಿರುಗಿದರು. "ನೀನು ತುಳಿ, ನಾನು ತೆಗೀತೇನೆ."

ನಾನು ಪೆನ್ನು ಕೆಳಗಿಟ್ಟೆ. ಆಮೇಲೆ ಎರಡೂ ಸಂಘ ಸೇರಿ ಚಿಲಕ ಹಾಕಿಸಿದೆವು.

ಅಂದಿನಿಂದ ಕಾರ್ಮಿಕ ಅಧಿಕಾರಿ ಬಂದಾಗಲೆಲ್ಲ ಅಕ್ಕನದು ಒಂದೇ ಹಟ. "ನಮ್ಮ ಪರವಾಗಿ ಯಾರು ಮಾತಾಡ್ಬೇಕು ಅಂತ ನಮ್ಮ ಹತ್ರವೇ ಗುಟ್ಟಲ್ಲಿ ಓಟು ಹಾಕಿಸಿ ಕೇಳ್ಬೇಕು. ಕಾನೂನಲ್ಲಿ ಹಾಗೆ ಇಲ್ಲದಿದ್ರೆ ಕಾನೂನು ತಿದ್ದಿ." ಹಾಗೆ ಕೇಳಿದರೆ ತಮ್ಮ ಸಂಘವೇ ಸೋತೀತು ಎಂದು ಅವರ ಕಡೆಯವರೇ ಬೈದರು. ಅಕ್ಕ ಕೇಳುವುದನ್ನು ಬಿಡಲಿಲ್ಲ.

ಹೋದ ವರ್ಷ ಅವರು ಪುತ್ತೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಆ ಕಪ್ಪು ಬೆರಳುಗಳನ್ನು ಹಿಡಿದುಕೊಂಡು, "ಅಕ್ಕಾ, ನಿಮ್ಮ ಸಂಘಕ್ಕೆ ವಾಪಸ್ ಬರ್ತೇನೆ" ಎಂದೆ. ಕೊಡಲು ನನ್ನ ಹತ್ತಿರ ಬೇರೇನೂ ಇರಲಿಲ್ಲ.

ಅಕ್ಕ ಕಣ್ಣು ತೆರೆದರು. "ನನ್ನ ಮೇಲಿನ ಪ್ರೀತಿಗೆ ಬರುದಾದ್ರೆ ಬೇಡ. ಸಂಘ ಸರಿ ಕಂಡ್ರೆ ಬಾ."

ಎರಡು ದಿನಕ್ಕೆ ತೀರಿಕೊಂಡರು.

ನಾನು ಆ ಸಂಘಕ್ಕೆ ವಾಪಸ್ ಹೋಗಲಿಲ್ಲ. ಈಗ ನನ್ನೆದುರು ಬೇರೆಯವಳು ಕೂರುತ್ತಾಳೆ, ಒಳ್ಳೆಯವಳೇ. ಆದರೂ ಬೆಳಗ್ಗೆ ಪೆರಾಬೆ ಕಡೆಯ ಬಸ್ಸು ಗೇಟಿನ ಹತ್ತಿರ ನಿಂತರೆ, ಕೊನೆಯವಳು ಇಳಿಯುವವರೆಗೂ ನನಗೆ ಒಳಗೆ ಹೋಗಲಾಗುವುದಿಲ್ಲ.